ಕಡತದಲ್ಲಿ ಬರೆದಿಟ್ಟ ಕಂಪ್ಯೂಟರ್: ನಿಕ್ಸ್‌ಓಎಸ್ ಡೆಸ್ಕ್‌ಟಾಪ್‌ಗೆ ಸಮಗ್ರ ಮಾರ್ಗದರ್ಶಿ

ಪೊನ್ನಂಪೇಟೆಯ ಕಡೆಯ ಒಂದು ಕಾಫಿ ತೋಟದ ಕಚೇರಿಯಲ್ಲಿರುವ ಐದು ಡೆಸ್ಕ್‌ಟಾಪ್‌ಗಳನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಒಂದು ಜುಲೈ ತಿಂಗಳ ಮಧ್ಯಾಹ್ನ, ಅವುಗಳಲ್ಲೊಂದರಲ್ಲಿ ಲಿನಕ್ಸ್ ನವೀಕರಣ ನಡೆಯುತ್ತಿದ್ದಾಗ, ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರಿಂದ ಎರಡು ನಿಮಿಷವೂ ತಡೆಯಲಿಲ್ಲ. ಮೂರನೆಯ ದಿನ ಕರೆಂಟ್ ಬಂದಾಗ ಹೊಸ ಕರ್ನಲ್ (ಕಾರ್ಯವ್ಯವಸ್ಥೆಯ ತಿರುಳು) ಅರ್ಧ ಮಾತ್ರ ಸ್ಥಾಪನೆಯಾಗಿ ಯಂತ್ರ ಕಪ್ಪು ಪರದೆಯಲ್ಲೇ ನಿಂತುಬಿಟ್ಟಿತ್ತು. ಕಾರ್ಯವ್ಯವಸ್ಥೆಯನ್ನು ಹೊಸದಾಗಿ ಹಾಕಲು ಒಂದು ಗಂಟೆ ಸಾಕಾಯಿತು. ಆದರೆ ಅದರಲ್ಲಿ ಮೊದಲು ಏನೇನಿತ್ತು ಎಂಬುದು ಯಾರಿಗೂ ನೆನಪಿರಲಿಲ್ಲ: ಪ್ರಿಂಟರ್‌ಗೆ ಯಾವ ಡ್ರೈವರ್ ಹಾಕಿದ್ದೆವು, ಕನ್ನಡ ಕೀಲಿಮಣೆಯನ್ನು ಹೇಗೆ ಹೊಂದಿಸಿದ್ದೆವು, ಬಿಲ್ಲಿನ ನಮೂನೆಗೆ ಯಾವ ಫಾಂಟ್ ಬಳಸಿದ್ದೆವು ಎಂಬುದನ್ನೆಲ್ಲ ಒಂದೊಂದಾಗಿ ಹುಡುಕಿ ಹಿಂದಿನ ಸ್ಥಿತಿಗೆ ತರಲು ನಾಲ್ಕು ದಿನ ಹಿಡಿಯಿತು.

ಆ ನಾಲ್ಕು ದಿನಗಳ ಕೆಲಸ ಮತ್ತೆ ಎಂದೂ ಬರಬಾರದು ಎಂಬ ಹಟದಿಂದ ನಾನು ಕಲಿತ ವಿಧಾನವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ತೋಟದ ಕಚೇರಿ, ಶಾಲೆ, ವಾಚನಾಲಯ, ಹೋಂಸ್ಟೇ ಎಂದು ಎರಡಕ್ಕಿಂತ ಹೆಚ್ಚು ಕಂಪ್ಯೂಟರ್‌ಗಳಿರುವ, ಆದರೆ ಪೂರ್ಣಾವಧಿಯ ತಂತ್ರಜ್ಞರಿಲ್ಲದ ಯಾವ ಸ್ಥಳದಲ್ಲಾದರೂ ಇದು ಉಪಯೋಗಕ್ಕೆ ಬರುತ್ತದೆ.

ಘೋಷಣಾತ್ಮಕ ವಿಧಾನ ಎಂದರೇನು?

ಸಾಮಾನ್ಯವಾಗಿ ನಾವು ಕಂಪ್ಯೂಟರಿಗೆ ಒಂದಾದ ಮೇಲೊಂದು ಕೆಲಸ ಹೇಳುತ್ತೇವೆ: ಇದನ್ನು ಹಾಕು, ಅದನ್ನು ತೆಗೆ, ಈ ಸೆಟ್ಟಿಂಗ್ ಬದಲಿಸು. ಎರಡು ವರ್ಷಗಳ ನಂತರ ಆ ಯಂತ್ರದ ಸ್ಥಿತಿಯು ಇಂಥ ನೂರಾರು ಸಣ್ಣ ಕೆಲಸಗಳ ಒಟ್ಟು ಫಲವಾಗಿರುತ್ತದೆ. ಆ ಕೆಲಸಗಳ ದಾಖಲೆ ಮಾತ್ರ ಎಲ್ಲಿಯೂ ಇರುವುದಿಲ್ಲ. ಘೋಷಣಾತ್ಮಕ ವಿಧಾನದಲ್ಲಿ ನಾವು ಕೆಲಸಗಳನ್ನು ಹೇಳುವುದಿಲ್ಲ; ಯಂತ್ರದಲ್ಲಿ ಕೊನೆಗೆ ಏನೇನು ಇರಬೇಕು ಎಂಬುದನ್ನು ಒಂದು ಪಠ್ಯ ಕಡತದಲ್ಲಿ ಬರೆಯುತ್ತೇವೆ. ಆ ಕಡತವನ್ನು ಓದಿ, ಅದರಂತೆ ಯಂತ್ರವನ್ನು ಕಟ್ಟುವುದು ತಂತ್ರಾಂಶದ ಹೊಣೆ. ಕಡತದಿಂದ ಒಂದು ಸಾಲನ್ನು ಅಳಿಸಿದರೆ ಆ ತಂತ್ರಾಂಶವೂ ಯಂತ್ರದಿಂದ ಹೋಗುತ್ತದೆ. ಅದೇ ಕಡತವನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟರೆ ಅಲ್ಲಿಯೂ ಅದೇ ವ್ಯವಸ್ಥೆ ಮೂಡುತ್ತದೆ. ಮರುಸೃಷ್ಟಿ ಎಂದು ಕರೆಯುವುದು ಇದನ್ನೇ.

ಈ ವಿಚಾರಕ್ಕೆ ಗಟ್ಟಿಯಾದ ರೂಪ ಕೊಟ್ಟದ್ದು ನಿಕ್ಸ್ ಎಂಬ ಪ್ಯಾಕೇಜ್ ನಿರ್ವಾಹಕ, ಅಂದರೆ ತಂತ್ರಾಂಶಗಳನ್ನು ಹಾಕುವ, ತೆಗೆಯುವ, ನವೀಕರಿಸುವ ತಂತ್ರಾಂಶ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡೋಲ್‌ಸ್ಟ್ರಾ ಇದನ್ನು 2003ರಲ್ಲಿ ಆರಂಭಿಸಿದರು. 2006ರಲ್ಲಿ ಅವರ ಪಿಎಚ್‌ಡಿ ಪ್ರಬಂಧವೂ ಇದೇ ವಿಷಯದ ಮೇಲೆ ಬಂತು. ಅದರ ಮೇಲೆ ಕಟ್ಟಿದ ಲಿನಕ್ಸ್ ವ್ಯವಸ್ಥೆಯೇ ನಿಕ್ಸ್‌ಓಎಸ್. ಇದೇ ತತ್ತ್ವದ ಮೇಲೆ 2012ರಿಂದ ಬೆಳೆದ ಗ್ನೂ ಗೀಕ್ಸ್ ಕೂಡ ಇದೆ. ಮುಕ್ತ ತಂತ್ರಾಂಶದ ವಿಷಯದಲ್ಲಿ ಅದರ ನಿಲುವು ಇನ್ನೂ ಕಟ್ಟುನಿಟ್ಟಾದದ್ದು; ಮುಕ್ತವಲ್ಲದ ಡ್ರೈವರ್‌ಗಳನ್ನು ಅದು ಸೇರಿಸಿಕೊಳ್ಳುವುದಿಲ್ಲ. ಆದರೆ ನಮ್ಮ ಕಚೇರಿಗಳಲ್ಲಿ ಸಿಗುವ ವೈಫೈ ಕಾರ್ಡು, ಪ್ರಿಂಟರ್‌ಗಳ ಸಲುವಾಗಿ ನಾನು ನಿಕ್ಸ್‌ಓಎಸ್ ಅನ್ನೇ ಆರಿಸಿಕೊಂಡೆ.

ಕರೆಂಟ್ ಹೋದರೂ ಕೆಡದಿರುವುದಕ್ಕೆ ಕಾರಣ

ಇದರ ಒಳಗಿನ ಕೆಲಸವನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಹಂತಗಳೆಲ್ಲ ಸುಲಭವಾಗುತ್ತವೆ. ನಿಕ್ಸ್ ಪ್ರತಿಯೊಂದು ತಂತ್ರಾಂಶವನ್ನೂ ಉಗ್ರಾಣ ಎನ್ನಬಹುದಾದ ‘ನಿಕ್ಸ್ ಸ್ಟೋರ್’ ಎಂಬ ಒಂದೇ ಜಾಗದಲ್ಲಿ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಡುತ್ತದೆ. ಪ್ರತಿ ಫೋಲ್ಡರಿನ ಹೆಸರಿನ ಮುಂದೆ 32 ಅಕ್ಷರಗಳ ಒಂದು ಗುರುತು ಇರುತ್ತದೆ. ಆ ತಂತ್ರಾಂಶವನ್ನು ಕಟ್ಟಲು ಬಳಸಿದ ಮೂಲ ಸಂಕೇತ, ಅದು ಅವಲಂಬಿಸಿರುವ ಇತರ ತಂತ್ರಾಂಶಗಳು, ಕಟ್ಟುವ ಕ್ರಮ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆ ಗುರುತು ಹುಟ್ಟುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಗುರುತು ಬದಲಾಗಿ, ಹೊಸ ಆವೃತ್ತಿ ಹೊಸ ಫೋಲ್ಡರಿಗೆ ಹೋಗುತ್ತದೆಯೇ ಹೊರತು ಹಳೆಯದರ ಮೇಲೆ ಕೂರುವುದಿಲ್ಲ. ಹೀಗಾಗಿ ಒಂದೇ ತಂತ್ರಾಂಶದ ಎರಡು ಆವೃತ್ತಿಗಳು ಜಗಳವಿಲ್ಲದೆ ಒಟ್ಟಿಗಿರಬಲ್ಲವು.

ನವೀಕರಣದ ಸಮಯದಲ್ಲಿ ಬೇಕಾದುದೆಲ್ಲ ಮೊದಲು ಉಗ್ರಾಣಕ್ಕೆ ಬಂದು ಸೇರುತ್ತದೆ. ಎಲ್ಲವೂ ಸಿದ್ಧವಾದ ಮೇಲಷ್ಟೇ, ‘ಈಗಿನ ವ್ಯವಸ್ಥೆ ಇದು’ ಎಂದು ತೋರಿಸುವ ಒಂದು ಕೊಂಡಿಯನ್ನು ಹೊಸದರ ಕಡೆಗೆ ತಿರುಗಿಸಲಾಗುತ್ತದೆ. ನಡುವೆ ಕರೆಂಟ್ ಹೋದರೆ ಕೊಂಡಿ ಇನ್ನೂ ಹಳೆಯದನ್ನೇ ತೋರಿಸುತ್ತಿರುತ್ತದೆ. ಯಂತ್ರ ಹಳೆಯ ವ್ಯವಸ್ಥೆಯಲ್ಲಿ ಏಳುತ್ತದೆ, ಪೂರ್ತಿಯಾಗಿ ಇಳಿದಿದ್ದ ಭಾಗಗಳು ಉಗ್ರಾಣದಲ್ಲೇ ಉಳಿದಿರುತ್ತವೆ, ಮುಂದಿನ ಸಲ ಉಳಿದವು ಮಾತ್ರ ಇಳಿಯುತ್ತವೆ. ಪ್ರತಿ ಬದಲಾವಣೆಯೂ ‘ತಲೆಮಾರು’ ಎಂದು ಸಂಖ್ಯೆ ಪಡೆದು ಬೂಟ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಚೇರಿಯ ಲೆಕ್ಕಿಗರಿಗೆ ನಾನು ಫೋನಿನಲ್ಲಿ ಹೇಳಬೇಕಾದುದು ಇಷ್ಟೇ: “ಯಂತ್ರ ಆನ್ ಮಾಡಿ, ಪಟ್ಟಿ ಬಂದಾಗ ಕೆಳಗಿನ ಬಾಣದ ಕೀಲಿ ಒಂದು ಸಲ ಒತ್ತಿ, ಎಂಟರ್ ಕೊಡಿ.” ನಿನ್ನೆಯ ವ್ಯವಸ್ಥೆ ಹಾಗೆಯೇ ಬರುತ್ತದೆ. ಗೋಣಿಕೊಪ್ಪದಿಂದ ಬೈಕಿನಲ್ಲಿ ಮಳೆಯಲ್ಲಿ ಹೋಗಿ ಸರಿಪಡಿಸಬೇಕಾದ ಕೆಲಸ ಒಂದು ನಿಮಿಷದ ಮಾತಿನಲ್ಲಿ ಮುಗಿಯುತ್ತದೆ.

ಹಂತ 1: ಇರುವುದರ ಪಟ್ಟಿ, ಬೇಡದಿರುವುದರ ನಿರ್ಧಾರ

ಯಾವ ಯಂತ್ರವನ್ನೂ ಮುಟ್ಟುವ ಮೊದಲು ಕಾಗದ ಹಿಡಿದು ಕುಳಿತು, ಅದರಲ್ಲಿ ದಿನನಿತ್ಯ ಬಳಕೆಯಾಗುವ ತಂತ್ರಾಂಶ, ಪ್ರಿಂಟರ್, ಸ್ಕ್ಯಾನರ್, ಫಾಂಟ್, ಕೀಲಿಮಣೆಯ ವಿನ್ಯಾಸಗಳನ್ನು ಬರೆದುಕೊಳ್ಳಿ. ಬಳಸುವವರನ್ನೇ ಕೇಳಬೇಕು, ನಮಗೆ ಗೊತ್ತಿಲ್ಲದ ಒಂದೆರಡು ಸಂಗತಿಗಳು ಯಾವಾಗಲೂ ಹೊರಬರುತ್ತವೆ.

ಇಲ್ಲಿಯೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಯಂತ್ರ, ಅಥವಾ ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ಗಳನ್ನಿಟ್ಟುಕೊಂಡು ಆಮಂತ್ರಣ ಪತ್ರಿಕೆ ಮಾಡುವ ಡಿಟಿಪಿ ಯಂತ್ರವನ್ನು ವಿಂಡೋಸ್‌ನಲ್ಲಿಯೇ ಬಿಡಿ. ಅವು ವಿಂಡೋಸ್‌ಗಾಗಿ ತಯಾರಾದ ತಂತ್ರಾಂಶಗಳು. ಬಲವಂತವಾಗಿ ಎಳೆದು ತಂದರೆ ಕೆಲಸ ಮಾಡುವವರಿಗೆ ತೊಂದರೆ. ಅಂಥ ಯಂತ್ರದಲ್ಲಿ ವಿಂಡೋಸ್‌ನ ಸ್ವಂತ ಪ್ಯಾಕೇಜ್ ನಿರ್ವಾಹಕವಾದ ವಿನ್‌ಗೆಟ್ ಮೂಲಕ, ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ಒಂದು ಕಡತಕ್ಕೆ ಬರೆಸಿಡಬಹುದು, ಮತ್ತೊಂದು ಯಂತ್ರದಲ್ಲಿ ಆ ಕಡತದಿಂದಲೇ ಸ್ಥಾಪಿಸಿಕೊಳ್ಳಬಹುದು. ಸೆಟ್ಟಿಂಗ್‌ಗಳು ಅದರಲ್ಲಿ ಬಾರದಿದ್ದರೂ ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಉತ್ತಮ.

ಹಂತ 2: ಸ್ಥಾಪನೆ

ನಿಕ್ಸ್‌ಓಎಸ್‌ನ ಚಿತ್ರಾತ್ಮಕ ಸ್ಥಾಪಕವನ್ನು ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಯಂತ್ರವನ್ನು ಬೂಟ್ ಮಾಡಿ. ಈ ಸ್ಥಾಪಕ 22.05ನೆಯ ಆವೃತ್ತಿಯಿಂದ ಇದೆ. ಭಾಷೆ, ಸಮಯವಲಯ, ಬಳಕೆದಾರರ ಹೆಸರು, ಡೆಸ್ಕ್‌ಟಾಪ್ ಆಯ್ಕೆ ಕೇಳುತ್ತದೆ, ಇದರಲ್ಲಿ ಕಷ್ಟವೇನಿಲ್ಲ. ಡಿಸ್ಕ್ ವಿಭಜಿಸುವಾಗ ಮಾತ್ರ ಎರಡು ಎಚ್ಚರಿಕೆ ಬೇಕು. ಹಳೆಯ ತಲೆಮಾರುಗಳೆಲ್ಲ ಉಗ್ರಾಣದಲ್ಲಿ ಉಳಿಯುವುದರಿಂದ ಇದಕ್ಕೆ ಬೇರೆ ಲಿನಕ್ಸ್‌ಗಿಂತ ಹೆಚ್ಚು ಜಾಗ ಬೇಕು. ನಾನು 100 ಜಿಬಿಗಿಂತ ಕಡಿಮೆ ಕೊಡುವುದಿಲ್ಲ. ಬೂಟ್ ವಿಭಾಗಕ್ಕೆ 1 ಜಿಬಿ ಕೊಡಿ. ಅದು ಸಣ್ಣದಾದರೆ ಹಲವು ಕರ್ನಲ್‌ಗಳು ಸೇರಿ ತುಂಬಿಹೋಗಿ, ನವೀಕರಣ ಅಲ್ಲಿಯೇ ನಿಂತುಬಿಡುತ್ತದೆ.

ಸ್ಥಾಪನೆ ಮುಗಿದಾಗ ‘ಇಟಿಸಿ’ ಫೋಲ್ಡರಿನೊಳಗಿನ ‘ನಿಕ್ಸ್‌ಓಎಸ್’ ಫೋಲ್ಡರಿನಲ್ಲಿ ಎರಡು ಕಡತಗಳಿರುತ್ತವೆ: ‘ಕಾನ್ಫಿಗರೇಶನ್ ಡಾಟ್ ನಿಕ್ಸ್’ ಮತ್ತು ‘ಹಾರ್ಡ್‌ವೇರ್-ಕಾನ್ಫಿಗರೇಶನ್ ಡಾಟ್ ನಿಕ್ಸ್’. ಎರಡನೆಯದು ಆ ಯಂತ್ರದ ಡಿಸ್ಕ್ ಮತ್ತು ಯಂತ್ರಾಂಶದ ವಿವರ. ಅದು ಯಂತ್ರದಿಂದ ಯಂತ್ರಕ್ಕೆ ಬೇರೆ. ನಾವು ಬರೆಯುವುದು ಮೊದಲನೆಯದರಲ್ಲಿ. ಆದೇಶಗಳನ್ನೂ ಆಯ್ಕೆಗಳನ್ನೂ ಈ ಬರಹದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಆಯ್ಕೆಗಳನ್ನು ಕಡತದಲ್ಲಿ, ಆದೇಶಗಳನ್ನು ಟರ್ಮಿನಲ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು; ‘ಡಾಟ್’ ಎಂದಿರುವಲ್ಲಿ ಚುಕ್ಕೆ ಹಾಕಬೇಕು.

ಹಂತ 3: ಕಡತವನ್ನು ಬರೆಯುವುದು

ತಂತ್ರಾಂಶಗಳ ಪಟ್ಟಿ ‘ಎನ್ವಿರಾನ್ಮೆಂಟ್ ಡಾಟ್ ಸಿಸ್ಟಮ್‌ಪ್ಯಾಕೇಜಸ್’ ಎಂಬ ಆಯ್ಕೆಯಲ್ಲಿ, ಚೌಕ ಆವರಣದೊಳಗೆ, ಅಲ್ಪವಿರಾಮವಿಲ್ಲದೆ ಬರಬೇಕು: ‘ಫೈರ್‌ಫಾಕ್ಸ್ ಲಿಬ್ರೆಆಫೀಸ್ ಗಿಂಪ್’ ಹೀಗೆ. ‘ಪ್ಯಾಕೇಜಸ್’ನ ಮೊದಲ ಅಕ್ಷರ ಮಾತ್ರ ದೊಡ್ಡಕ್ಷರ. ಪ್ರತಿ ಆಯ್ಕೆಯ ಕೊನೆಯಲ್ಲಿ ಅರ್ಧವಿರಾಮ ಚಿಹ್ನೆ (;) ಇರಲೇಬೇಕು. ಆರಂಭದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಚಿಹ್ನೆಯನ್ನು ಬಿಟ್ಟದ್ದರಿಂದ ಆದವು. ಆದರೆ ತಪ್ಪು ಕಡತದಿಂದ ಯಂತ್ರ ಕೆಡುವುದಿಲ್ಲ. ಎಷ್ಟನೆಯ ಸಾಲಿನಲ್ಲಿ ತೊಡಕಾಯಿತು ಎಂದು ಹೇಳಿ ನಿಕ್ಸ್ ಕೈಬಿಡುತ್ತದೆ. ಚಾಲನೆಯಲ್ಲಿರುವ ವ್ಯವಸ್ಥೆಯ ಒಂದು ಕೂದಲೂ ಕೊಂಕುವುದಿಲ್ಲ.

ಕನ್ನಡದ ಭಾಗಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ, ನೀವೂ ಕೊಡಿ. ನಮ್ಮ ಕಚೇರಿಯಲ್ಲಿ ಒಬ್ಬರು ತಯಾರಿಸಿದ ಕೂಲಿ ಪಟ್ಟಿ ಅವರ ಯಂತ್ರದಲ್ಲಿ ಸರಿಯಾಗಿ ಒಂದೇ ಪುಟದಲ್ಲಿ ಕೂರುತ್ತಿತ್ತು. ಪಕ್ಕದ ಯಂತ್ರದಲ್ಲಿ ತೆರೆದರೆ ಕೊನೆಯ ಮೂರು ಸಾಲು, ಒಟ್ಟು ಮೊತ್ತದ ಸಮೇತ, ಎರಡನೆಯ ಪುಟಕ್ಕೆ ಜಾರುತ್ತಿತ್ತು. ಒಂದು ವಾರ ಪ್ರಿಂಟರನ್ನು ಅನುಮಾನಿಸಿದ ಮೇಲೆ ಗೊತ್ತಾದದ್ದು ಇಷ್ಟು: ಪಕ್ಕದ ಯಂತ್ರದಲ್ಲಿ ಆ ಫಾಂಟ್ ಇರಲೇ ಇಲ್ಲ, ಬದಲಿಗೆ ಬಂದ ಫಾಂಟಿನಲ್ಲಿ ಒತ್ತಕ್ಷರಗಳಿಗೆ ಹೆಚ್ಚು ಎತ್ತರ ಬೇಕಾಗಿ ಪ್ರತಿ ಸಾಲೂ ಒಂದೊಂದು ಕೂದಲೆಳೆಯಷ್ಟು ಕೆಳಗಿಳಿದಿತ್ತು. ಈಗ ‘ಫಾಂಟ್ಸ್ ಡಾಟ್ ಪ್ಯಾಕೇಜಸ್’ ಎಂಬ ಆಯ್ಕೆಯಲ್ಲಿ ನೋಟೊ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟ್‌ಗಳನ್ನು ಬರೆದಿದ್ದೇನೆ. ಐದೂ ಯಂತ್ರಗಳಲ್ಲಿ ಅವೇ ಫಾಂಟ್‌ಗಳು, ಅವೇ ಆವೃತ್ತಿಗಳು. ಕೂಲಿ ಪಟ್ಟಿ ಎಲ್ಲಿ ತೆರೆದರೂ ಒಂದೇ ಪುಟ.

ಕೀಲಿಮಣೆಗೆ ‘ಐ18ಎನ್ ಡಾಟ್ ಇನ್‌ಪುಟ್‌ಮೆಥಡ್’ ಆಯ್ಕೆಯನ್ನು ಸಕ್ರಿಯಗೊಳಿಸಿ, ವಿಧಾನವನ್ನು ‘ಐಬಸ್’ ಎಂದೂ ಎಂಜಿನ್ ಅನ್ನು ‘ಎಂ17ಎನ್’ ಎಂದೂ ಕೊಡಿ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಾದವರಿಗೆ ಅದರಲ್ಲಿ ಕೆಜಿಪಿ ವಿನ್ಯಾಸ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಕೊಡವ ತಕ್ಕ್ ಮತ್ತು ಅರೆಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೂ ಇದೇ ಸಾಕು.

ಪ್ರಿಂಟರ್‌ಗೆ ‘ಸರ್ವಿಸಸ್ ಡಾಟ್ ಪ್ರಿಂಟಿಂಗ್’ ಆಯ್ಕೆಯನ್ನು ಸಕ್ರಿಯಗೊಳಿಸಿ, ಎಚ್‌ಪಿ ಯಂತ್ರವಾದರೆ ‘ಎಚ್‌ಪಿಲಿಪ್’ ಡ್ರೈವರ್ ಸೇರಿಸಿ. ಸಮಯವಲಯ ‘ಏಷ್ಯಾ/ಕೋಲ್ಕತಾ’. ಪ್ರತಿ ಆಯ್ಕೆಯ ಮೇಲೆ ‘#’ ಚಿಹ್ನೆ ಹಾಕಿ, ಅದು ಏಕೆ ಇದೆ ಎಂದು ಕನ್ನಡದಲ್ಲಿಯೇ ಒಂದು ಸಾಲು ಬರೆಯಿರಿ. ಆರು ತಿಂಗಳ ನಂತರ ಅದನ್ನು ಓದುವವರು ನೀವಲ್ಲದೆ ಬೇರೆಯವರೂ ಇರಬಹುದು.

‘ಸಿಸ್ಟಮ್ ಡಾಟ್ ಸ್ಟೇಟ್‌ವರ್ಶನ್’ ಎಂಬ ಸಾಲನ್ನು ಮುಟ್ಟಬೇಡಿ. ಅದು ಮೊದಲ ಸ್ಥಾಪನೆಯ ಆವೃತ್ತಿಯನ್ನು ನೆನಪಿಡುವ ಸಾಲು, ನವೀಕರಣಕ್ಕೂ ಅದಕ್ಕೂ ಸಂಬಂಧವಿಲ್ಲ. ವೈಫೈ ಗುಪ್ತಪದ, ಇಮೇಲ್ ಗುಪ್ತಪದಗಳನ್ನು ಕಡತದಲ್ಲಿ ಎಂದಿಗೂ ಬರೆಯಬೇಡಿ. ಉಗ್ರಾಣದಲ್ಲಿರುವುದನ್ನು ಆ ಯಂತ್ರದ ಯಾವ ಬಳಕೆದಾರರಾದರೂ ಓದಬಹುದು.

ಹಂತ 4: ಪರೀಕ್ಷಿಸಿ, ಆಮೇಲೆ ಒಪ್ಪಿಕೊಳ್ಳಿ

ಕಡತ ಸಿದ್ಧವಾದ ಮೇಲೆ ಮೊದಲು ‘ನಿಕ್ಸ್‌ಓಎಸ್-ರಿಬಿಲ್ಡ್ ಟೆಸ್ಟ್’ ಆದೇಶ ಕೊಡಿ. ಬದಲಾವಣೆಗಳು ತಕ್ಷಣ ಜಾರಿಯಾಗುತ್ತವೆ, ಆದರೆ ಬೂಟ್ ಪಟ್ಟಿಗೆ ಸೇರುವುದಿಲ್ಲ. ಏನಾದರೂ ತಪ್ಪಿದರೆ ಯಂತ್ರವನ್ನು ಒಮ್ಮೆ ಆರಿಸಿ ಹಾಕಿದರೆ ಮೊದಲಿನಂತಾಗುತ್ತದೆ. ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ, ಒಂದು ಪುಟ ಮುದ್ರಿಸಿ ನೋಡಿ. ಎಲ್ಲವೂ ಸರಿಯೆನಿಸಿದರೆ ‘ನಿಕ್ಸ್‌ಓಎಸ್-ರಿಬಿಲ್ಡ್ ಸ್ವಿಚ್’ ಎಂದು ಕೊಟ್ಟು ಒಪ್ಪಿಕೊಳ್ಳಿ. ಇದೇ ಆದೇಶಕ್ಕೆ ‘ರೋಲ್‌ಬ್ಯಾಕ್’ ಸೇರಿಸಿದರೆ ಹಿಂದಿನ ತಲೆಮಾರಿಗೆ ಮರಳಬಹುದು.

ಯಾವುದೋ ತಂತ್ರಾಂಶ ಒಂದು ಗಂಟೆಯ ಕೆಲಸಕ್ಕೆ ಮಾತ್ರ ಬೇಕಿದ್ದರೆ ಅದನ್ನು ಕಡತಕ್ಕೆ ಸೇರಿಸಬೇಕಾಗಿಲ್ಲ. ‘ನಿಕ್ಸ್-ಶೆಲ್’ ಆದೇಶದಿಂದ ಅದನ್ನು ತಾತ್ಕಾಲಿಕವಾಗಿ ತೆರೆದು, ಕೆಲಸ ಮುಗಿಸಿ ಮುಚ್ಚಿದರಾಯಿತು. ‘ನಿಕ್ಸ್-ಎನ್ವ್’ ಬಳಸಿ ನೇರವಾಗಿ ಸ್ಥಾಪಿಸುವ ದಾರಿಯೂ ಇದೆ, ಆದರೆ ಆ ದಾರಿ ಹಿಡಿಯಬೇಡಿ: ಕಡತದಲ್ಲಿಲ್ಲದ ವಸ್ತು ಯಂತ್ರದಲ್ಲಿ ಕೂಡಿಕೊಳ್ಳಲು ಶುರುವಾದರೆ ನಾವು ಬಿಟ್ಟುಬಂದ ಹಳೆಯ ಸ್ಥಿತಿಗೇ ಮರಳಿದಂತೆ.

ಹಂತ 5: ಆವೃತ್ತಿಗಳಿಗೆ ಬೀಗ

ಇಲ್ಲಿಯವರೆಗೆ ‘ಫೈರ್‌ಫಾಕ್ಸ್ ಇರಲಿ’ ಎಂದಷ್ಟೇ ಬರೆದಿದ್ದೇವೆ. ಯಾವ ಆವೃತ್ತಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕಾಗಿ ‘ಫ್ಲೇಕ್’ ಎಂಬ ಏರ್ಪಾಡು ಇದೆ. ನಿಕ್ಸ್ ಇದನ್ನು ಇಂದಿಗೂ ಪ್ರಾಯೋಗಿಕವೆಂದೇ ಕರೆಯುವುದರಿಂದ ಕಡತದಲ್ಲಿ ಸ್ಪಷ್ಟವಾಗಿ ಅನುಮತಿಸಬೇಕು, ಆದರೆ ಬಳಸುವವರು ಬಹಳ ಮಂದಿ ಇದ್ದಾರೆ. ‘ಫ್ಲೇಕ್ ಡಾಟ್ ನಿಕ್ಸ್’ ಎಂಬ ಕಡತದಲ್ಲಿ ಪ್ಯಾಕೇಜ್‌ಗಳ ಮೂಲವನ್ನು ಸೂಚಿಸಿದರೆ, ನಿಕ್ಸ್ ತಾನಾಗಿಯೇ ‘ಫ್ಲೇಕ್ ಡಾಟ್ ಲಾಕ್’ ಎಂಬ ಇನ್ನೊಂದು ಕಡತ ಬರೆದು, ಆ ಕ್ಷಣದಲ್ಲಿ ಆ ಮೂಲ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಅದರ ಗುರುತಿನ ಸಮೇತ ದಾಖಲಿಸುತ್ತದೆ. ನೀವಾಗಿ ‘ನಿಕ್ಸ್ ಫ್ಲೇಕ್ ಅಪ್‌ಡೇಟ್’ ಎನ್ನುವವರೆಗೆ ಆ ಬೀಗ ಕದಲುವುದಿಲ್ಲ. ಇಂದು ಕಟ್ಟಿದರೂ ಮುಂದಿನ ಫೆಬ್ರವರಿಯಲ್ಲಿ ಕಟ್ಟಿದರೂ ಅವೇ ಆವೃತ್ತಿಗಳು ಬರುತ್ತವೆ. ಪ್ರತಿ ತಂತ್ರಾಂಶವೂ ಕೊನೆಯ ಬಿಟ್‌ವರೆಗೆ ಒಂದೇ ಆಗಿ ಕಟ್ಟಲ್ಪಡುತ್ತದೆ ಎಂಬ ಖಾತರಿಯನ್ನು ನಿಕ್ಸ್ ಕೊಡುವುದಿಲ್ಲ. ಒಳಗೆ ಹೋಗುವ ಸಾಮಗ್ರಿ ಒಂದೇ ಎಂಬುದು ಮಾತ್ರ ಖಾತರಿ. ಕಚೇರಿಯ ಕೆಲಸಕ್ಕೆ ಅಷ್ಟು ಸಾಕು.

ಈ ಕಡತಗಳನ್ನೆಲ್ಲ ಗಿಟ್‌ನಲ್ಲಿ, ಅಂದರೆ ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶದಲ್ಲಿ, ಇಡಿ. ಒಂದು ಮುಖ್ಯ ಸೂಚನೆ: ಹೊಸ ಕಡತವನ್ನು ‘ಗಿಟ್ ಆ್ಯಡ್’ ಮಾಡದಿದ್ದರೆ ಫ್ಲೇಕ್‌ಗೆ ಅದು ಕಾಣುವುದೇ ಇಲ್ಲ. ಕಣ್ಣೆದುರಿಗೆ ಕಡತವಿದ್ದರೂ ‘ಅಂಥ ಕಡತವಿಲ್ಲ’ ಎಂಬ ದೋಷ ಬಂದಾಗ ಮೊದಲು ಇದನ್ನು ನೋಡಿ. ಗಿಟ್ ಸಂಗ್ರಹದ ಒಂದು ಪ್ರತಿ ಘಟ್ಟದ ಮೇಲಲ್ಲದೆ ಬೇರೆ ಊರಿನಲ್ಲಿಯೂ ಇರಬೇಕು. 2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪ್ರತಿ ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಮನೆಯ ಕಂಪ್ಯೂಟರಿನಲ್ಲಿದೆ; ಇಡೀ ಕಚೇರಿಯ ಐದು ಯಂತ್ರಗಳ ವಿವರಣೆ ಒಂದು ಛಾಯಾಚಿತ್ರಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ.

ಹಂತ 6: ಎರಡನೆಯ ಯಂತ್ರ, ಮತ್ತು ನಿಧಾನ ಇಂಟರ್‌ನೆಟ್

ಎಲ್ಲ ಯಂತ್ರಗಳಿಗೂ ಸಮಾನವಾದುದನ್ನು ‘ಸಾಮಾನ್ಯ’ ಎಂಬ ಒಂದು ಕಡತಕ್ಕೆ ಸರಿಸಿ. ಸ್ಕ್ಯಾನರ್ ಇರುವ ಯಂತ್ರಕ್ಕೆ ಮಾತ್ರ ಬೇಕಾದುದನ್ನು ಅದರದೇ ಕಡತದಲ್ಲಿಡಿ. ಹೊಸ ಯಂತ್ರ ಬಂದಾಗ ಅದರ ಹಾರ್ಡ್‌ವೇರ್ ಕಡತವೊಂದನ್ನು ಸೇರಿಸಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಈ ವಿಧಾನದ ನಿಜವಾದ ಭಾರ ಬೀಳುವುದು ಇಂಟರ್‌ನೆಟ್ ಮೇಲೆ. ತಳಹದಿಯ ಒಂದು ಲೈಬ್ರರಿ (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಸಂಕೇತ) ಬದಲಾದರೂ ಅದನ್ನು ಅವಲಂಬಿಸಿದ ಎಲ್ಲವುಗಳ ಗುರುತು ಬದಲಾಗುವುದರಿಂದ, ಒಂದು ದೊಡ್ಡ ನವೀಕರಣಕ್ಕೆ ಹಲವು ಜಿಬಿ ಇಳಿಸಬೇಕಾಗುತ್ತದೆ. ಮಳೆಗಾಲದಲ್ಲಿ ಐದು ಯಂತ್ರಗಳೂ ಬೇರೆ ಬೇರೆಯಾಗಿ ಇಳಿಸತೊಡಗಿದರೆ ಕಚೇರಿಯ ಸಂಪರ್ಕ ಕುಸಿದುಹೋಗುತ್ತದೆ. ಪರಿಹಾರ ಸರಳ: ಒಂದು ಯಂತ್ರ ಮಾತ್ರ ಇಳಿಸಲಿ. ಅಲ್ಲಿಂದ ‘ನಿಕ್ಸ್‌ಓಎಸ್-ರಿಬಿಲ್ಡ್ ಸ್ವಿಚ್’ ಆದೇಶಕ್ಕೆ ‘ಟಾರ್ಗೆಟ್-ಹೋಸ್ಟ್’ ಎಂಬ ಸೂಚನೆ ಮತ್ತು ಇನ್ನೊಂದು ಯಂತ್ರದ ವಿಳಾಸ ಕೊಟ್ಟರೆ, ಎಸ್‌ಎಸ್‌ಎಚ್ (ಒಂದು ಯಂತ್ರದಿಂದ ಇನ್ನೊಂದಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಕಚೇರಿಯೊಳಗಿನ ತಂತಿಯಲ್ಲಿಯೇ ಎಲ್ಲವೂ ಅಲ್ಲಿಗೆ ಹೋಗುತ್ತದೆ. ಇದಕ್ಕಾಗಿ ಎಸ್‌ಎಸ್‌ಎಚ್ ಕೀಲಿಗಳನ್ನು ಮೊದಲೇ ಕಡತದಲ್ಲಿ ಬರೆದಿಡಬೇಕು. ಸಂಪರ್ಕವೇ ಇಲ್ಲದ ತೋಟದ ಇನ್ನೊಂದು ಮೂಲೆಯ ಯಂತ್ರಕ್ಕೆ ‘ನಿಕ್ಸ್ ಕಾಪಿ’ ಬಳಸಿ ಹೊರ ಡಿಸ್ಕಿಗೆ ನಕಲಿಸಿ, ಕೈಯಲ್ಲಿ ಒಯ್ಯಬಹುದು. ನಮ್ಮಲ್ಲಿಯೇ ಕಟ್ಟಿದ ಭಾಗಗಳಿಗೆ ಸಹಿ ಇರದ ಕಾರಣ, ಅಲ್ಲಿ ಇಳಿಸುವಾಗ ಎಲ್ಲ ಅಧಿಕಾರವೂ ಇರುವ ‘ರೂಟ್’ ಬಳಕೆದಾರರಾಗಿ ಸಹಿ ಪರಿಶೀಲನೆಯನ್ನು ಕೈಬಿಡುವ ಸೂಚನೆ ಕೊಡಬೇಕಾಗುತ್ತದೆ.

ಹಂತ 7: ವರ್ಷದ ದಿನಚರಿ

ನಿಕ್ಸ್‌ಓಎಸ್‌ನ ಹೊಸ ಆವೃತ್ತಿಗಳು ಮೇ ಮತ್ತು ನವೆಂಬರ್ ತಿಂಗಳ ಲೆಕ್ಕದಲ್ಲಿ ಬರುತ್ತವೆ, ಹೊಸದು ಬಂದ ಮೇಲೆ ಹಳೆಯದಕ್ಕೆ ಸುಮಾರು ಒಂದು ತಿಂಗಳಷ್ಟೇ ಬೆಂಬಲ. ಒಂದು ಬರುವುದು ಮಳೆ ಹಿಡಿಯುವ ಹೊತ್ತಿಗೆ, ಇನ್ನೊಂದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ. ಮೇ ಆವೃತ್ತಿಗೆ ನಾನು ಜೂನ್ ಮೊದಲ ವಾರದಲ್ಲೇ ಹೋಗುತ್ತೇನೆ, ಜುಲೈವರೆಗೆ ಕಾಯುವುದಿಲ್ಲ. ನವೆಂಬರ್ ಆವೃತ್ತಿಯನ್ನು ಡಿಸೆಂಬರಿನ ಒಂದು ಭಾನುವಾರ ಮೊದಲು ಒಂದೇ ಯಂತ್ರಕ್ಕೆ ಹಾಕಿ, ವಾರವಿಡೀ ಕೂಲಿ ಲೆಕ್ಕ ಸರಾಗವಾಗಿ ನಡೆದ ಮೇಲೆ ಉಳಿದವಕ್ಕೆ ಹಾಕುತ್ತೇನೆ. ಭದ್ರತೆಯ ನವೀಕರಣಗಳನ್ನು ಎರಡು ವಾರಕ್ಕೊಮ್ಮೆ ತರುತ್ತೇನೆ. ಬೀಗ ಹಾಕಿದ್ದೇವೆಂದು ತಿಂಗಳುಗಟ್ಟಲೆ ಬಿಟ್ಟರೆ ಬ್ರೌಸರಿನ ಹಳೆಯ ದೋಷಗಳೂ ಬೀಗದೊಳಗೇ ಉಳಿಯುತ್ತವೆ.

ಉಗ್ರಾಣವನ್ನು ಗುಡಿಸುವ ಕೆಲಸವನ್ನೂ ಕಡತದಲ್ಲಿಯೇ ಬರೆಯಬಹುದು: ‘ನಿಕ್ಸ್ ಡಾಟ್ ಜಿಸಿ’ ಆಯ್ಕೆಯನ್ನು ಸ್ವಯಂಚಾಲಿತಗೊಳಿಸಿ, 30 ದಿನಕ್ಕಿಂತ ಹಳೆಯ ತಲೆಮಾರುಗಳನ್ನು ಅಳಿಸುವಂತೆ ಹೇಳಿ. ಬೂಟ್ ಪಟ್ಟಿಯನ್ನು ಹತ್ತು ತಲೆಮಾರಿಗೆ ಮಿತಿಗೊಳಿಸಿ. ಕರೆಂಟ್ ಥಟ್ಟನೆ ಹೋದ ಮೇಲೆ ಯಾವುದೋ ತಂತ್ರಾಂಶ ವಿಚಿತ್ರವಾಗಿ ವರ್ತಿಸಿದರೆ, ಡಿಸ್ಕಿಗೆ ಪೂರ್ತಿ ಬರೆಯಲಾಗದೆ ಉಳಿದ ಕಡತ ಕಾರಣವಿರಬಹುದು. ‘ನಿಕ್ಸ್-ಸ್ಟೋರ್’ ಆದೇಶಕ್ಕೆ ‘ವೆರಿಫೈ’, ‘ಚೆಕ್-ಕಂಟೆಂಟ್ಸ್’, ‘ರಿಪೇರ್’ ಎಂಬ ಮೂರು ಸೂಚನೆ ಕೊಟ್ಟರೆ ಅದು ಇಡೀ ಉಗ್ರಾಣವನ್ನು ಪರಿಶೀಲಿಸಿ, ಕೆಟ್ಟ ಭಾಗವನ್ನು ಮತ್ತೆ ತಂದು ಕೂರಿಸುತ್ತದೆ.

ಕಡತದ ಹೊರಗೆ ಉಳಿಯುವುದು

ನಿಮ್ಮ ಪತ್ರ, ಲೆಕ್ಕ, ಫೋಟೊಗಳು ಈ ವ್ಯವಸ್ಥೆಯೊಳಗೆ ಬರುವುದಿಲ್ಲ. ತಲೆಮಾರು ಹಿಂದಕ್ಕೆ ಹೋದರೂ ಅಳಿಸಿಹೋದ ಪತ್ರ ಮರಳದು. ಅವುಗಳಿಗೆ ಪ್ರತ್ಯೇಕ ಬ್ಯಾಕಪ್ ಕಡ್ಡಾಯ; ಬ್ಯಾಕಪ್ ಯಾವಾಗ, ಎಲ್ಲಿಗೆ ಆಗಬೇಕು ಎಂಬ ವೇಳಾಪಟ್ಟಿಯನ್ನು ಮಾತ್ರ ಇದೇ ಕಡತದಲ್ಲಿ ಬರೆಯಬಹುದು. ಜಾಲತಾಣದಿಂದ ನೇರವಾಗಿ ಇಳಿಸಿಕೊಂಡ ಲಿನಕ್ಸ್ ತಂತ್ರಾಂಶಗಳು ಇಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ, ಏಕೆಂದರೆ ಅವು ಹುಡುಕುವ ಜಾಗದಲ್ಲಿ ಲೈಬ್ರರಿಗಳು ಇರುವುದಿಲ್ಲ. ‘ನಿಕ್ಸ್-ಎಲ್‌ಡಿ’ ಎಂಬ ಆಯ್ಕೆ ಹೆಚ್ಚಿನ ಸಂದರ್ಭಗಳಲ್ಲಿ ನೆರವಾಗುತ್ತದೆ. ನಿಕ್ಸ್ ಭಾಷೆಯನ್ನು ಕಲಿಯಲು ಮೊದಲ ತಿಂಗಳು ತಾಳ್ಮೆ ಬೇಕು.

ಕಳೆದ ಮಳೆಗಾಲದಲ್ಲಿ ಅದೇ ಕಚೇರಿಯ ಒಂದು ಯಂತ್ರದ ಡಿಸ್ಕ್ ಪೂರ್ತಿ ಕೆಟ್ಟಿತು. ಹೊಸ ಡಿಸ್ಕ್ ಹಾಕಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಗಿಟ್ ಸಂಗ್ರಹ ತಂದು, ಪಕ್ಕದ ಯಂತ್ರದಿಂದ ತಂತಿಯ ಮೂಲಕ ಎಲ್ಲವನ್ನೂ ತುಂಬಿಸಿಕೊಂಡೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ ಕೆಲಸ ಊಟದ ಹೊತ್ತಿಗೆ ಮುಗಿದಿತ್ತು. ಲೆಕ್ಕಿಗರು ಬ್ಯಾಕಪ್‌ನಿಂದ ಬಂದ ಕೂಲಿ ಪಟ್ಟಿಯನ್ನು ತೆರೆದು ಮುದ್ರಿಸಿದರು; ಒಟ್ಟು ಮೊತ್ತದ ಸಾಲು ಅದೇ ಪುಟದ ಕೊನೆಯಲ್ಲಿಯೇ ಇತ್ತು.